ಬಡ್ಡಿ ವ್ಯಾಪಾರಿಯ ಗುಡಿಯಲ್ಲಿ ಕಡೆಯ ತೀರ್ಪು

ಇಟಲಿಯ ಪದುವಾ ನಗರದ ಹಳೇ ನ್ಯಾಯಸ್ಥಾನದ ಮೂಲೆಯೊಂದರಲ್ಲಿ ಒಂದು ಕಲ್ಲಿನ ಪೀಠವಿದೆ. ಊರವರು ಅದನ್ನು ಅವಮಾನದ ಕಲ್ಲು ಎನ್ನುತ್ತಾರೆ. ಮಧ್ಯಯುಗದಲ್ಲಿ ಸಾಲ ತೀರಿಸಲಾಗದೆ ಕೈಯೆತ್ತಿದವನನ್ನು ಇಲ್ಲಿಗೆ ಕರೆತರುತ್ತಿದ್ದರು. ಮೈಮೇಲೆ ಒಳಬಟ್ಟೆ ಮಾತ್ರ. ನೆರೆದ ಜನರೆದುರು ಅವನು ಮೂರು ಸಲ ಆ ಕಲ್ಲಿನ ಮೇಲೆ ಕುಕ್ಕರಿಸಬೇಕು, ಇದ್ದಬದ್ದದ್ದನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಎಂದು ಮೂರು ಸಲವೂ ಲ್ಯಾಟಿನ್ನಿನಲ್ಲಿ ಹೇಳಬೇಕು, ಆಮೇಲೆ ಊರು ಬಿಡಬೇಕು.

ಕೇಳಿದರೆ ಕ್ರೌರ್ಯ ಅನ್ನಿಸುತ್ತದೆ. ಆ ಕಾಲಕ್ಕೆ ಇದೇ ದಯೆ. ಅದಕ್ಕೂ ಮುಂಚೆ ಸಾಲಗಾರನ ದಾರಿ ನೇರ ಸೆರೆಮನೆಗೆ. ಸಾಲ ತೀರುವ ತನಕ ಬಿಡುಗಡೆಯಿಲ್ಲ, ಸೆರೆಯಲ್ಲಿದ್ದವನು ದುಡಿದು ತೀರಿಸುವಂತೆಯೂ ಇಲ್ಲ. 1231ರ ಮಾರ್ಚಿನಲ್ಲಿ ಪದುವಾ ನಗರಸಭೆ ಒಂದು ಕಟ್ಟಳೆ ಮಾಡಿತು: ಸಾಲಗಾರನಾಗಲಿ ಅವನಿಗೆ ಜಾಮೀನು ನಿಂತವನಾಗಲಿ ತನ್ನ ಸ್ವತ್ತನ್ನು ಒಪ್ಪಿಸಿಬಿಟ್ಟರೆ ಇನ್ನು ಅವನನ್ನು ಸೆರೆಗೆ ತಳ್ಳುವಂತಿಲ್ಲ. ಇದು ಯಾರ ಕೋರಿಕೆಯ ಮೇರೆಗೆ ಎಂಬುದನ್ನೂ ಕಟ್ಟಳೆಯಲ್ಲೇ ಬರೆದರು. ಫ್ರಾನ್ಸಿಸ್ಕನ್ ಸಭೆಯ ಅಂತೋನಿ ಎಂಬ ಸನ್ಯಾಸಿ. ಲಿಸ್ಬನ್ನಿನಲ್ಲಿ ಹುಟ್ಟಿ, ಇಟಲಿಗೆ ಬಂದು, ಆ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪದುವಾದ ಜನಸಾಗರಕ್ಕೆ ಬಡ್ಡಿಕೋರರ ಬಗ್ಗೆ ಬೆಂಕಿಯಂಥ ಪ್ರವಚನ ಮಾಡಿದವನು. ಮೂರು ತಿಂಗಳಿಗೆ, ಜೂನ್ 13ಕ್ಕೆ, ತೀರಿಕೊಂಡ. ವರ್ಷ ತುಂಬುವ ಮೊದಲೇ ಪೋಪ್ ಅವನನ್ನು ಸಂತನೆಂದು ಸಾರಿದರು. ಮೈಸೂರು ಜಿಲ್ಲೆಯ ಡೋರ್ನಹಳ್ಳಿಗೆ ಜೂನ್ ಹಬ್ಬಕ್ಕೆ ಹೋದವರಿಗೆ ಈ ಹೆಸರು ಹೊಸದಲ್ಲ. ಅಲ್ಲಿ ಹರಕೆ ಹೊರುವವರಲ್ಲಿ ಕ್ರೈಸ್ತರಲ್ಲದವರೂ ಧಾರಾಳವಾಗಿದ್ದಾರೆ. ಕಳೆದುಹೋದ ಸಾಮಾನು ಹುಡುಕಿಕೊಡುವ ಸಂತನೆಂದು ನಾವು ತಿಳಿದವನು ತನ್ನೂರಲ್ಲಿ ಸಾಲದ ಕಾನೂನು ಬದಲಿಸಿದವನು.

ಕ್ರೈಸ್ತರ ದೇವರು ಕರುಣಾಮಯಿಯೋ ನ್ಯಾಯಾಧೀಶನೋ ಎಂಬುದನ್ನು ಗ್ರಂಥಗಳಲ್ಲಿ ಬಿಡಿಸಲು ಹೊರಟರೆ ಎರಡು ಸಾವಿರ ವರ್ಷದ ಚರ್ಚೆ ಮೈಮೇಲೆ ಬೀಳುತ್ತದೆ. ಪದುವಾದಲ್ಲಿ ಅದೇ ಪ್ರಶ್ನೆಯನ್ನು ನಡೆದೇ ನೋಡಬಹುದು. ನ್ಯಾಯಸ್ಥಾನದಿಂದ ಶುರುಮಾಡಿ, ಸ್ಕ್ರೊವೆನ್ಯಿ ಗುಡಿಗೆ ಹೋಗಿ, ಅಂತೋನಿಯ ಸಮಾಧಿಯಲ್ಲಿ ಮುಗಿಸಬೇಕು. ಒಂದು ಹಗಲು ಸಾಕು. ಮೂರು ಕಡೆಯಲ್ಲೂ ಎದುರಾಗುವುದು ಒಂದೇ ವಸ್ತು: ಹಣದ ಚೀಲ.

ಈ ನ್ಯಾಯಸ್ಥಾನವನ್ನು ಪಲಾತ್ಸೊ ದೆಲ್ಲಾ ರಜೋನೆ ಅನ್ನುತ್ತಾರೆ. ಕಟ್ಟಲು ಶುರುವಾದದ್ದು 1218ರಲ್ಲಿ. ಮೇಲಿನ ಹಜಾರದಲ್ಲಿ ನ್ಯಾಯ, ಕೆಳಗಿನ ಕಮಾನುಗಳಡಿ ವ್ಯಾಪಾರ. ಕೋರ್ಟು ಹೋಗಿ ಶತಮಾನಗಳಾದವು, ವ್ಯಾಪಾರ ಮಾತ್ರ ನಿಂತಿಲ್ಲ. ಈಗಲೂ ಕೆಳಗೆ ಚೀಸು, ಮಾಂಸ, ಮೀನಿನ ಅಂಗಡಿಗಳು. ಕಟ್ಟಡದ ಒಂದು ಮಗ್ಗುಲಿಗೆ ತರಕಾರಿ ಚೌಕ, ಇನ್ನೊಂದು ಮಗ್ಗುಲಿಗೆ ಹಣ್ಣಿನ ಚೌಕ. ಬೆಳಗಿನ ಹೊತ್ತು ಹೋದರೆ ಟೊಮೆಟೊ ತೂಗುವವರ ನಡುವೆ ದಾರಿ ಮಾಡಿಕೊಂಡೇ ಮೆಟ್ಟಿಲು ಹತ್ತಬೇಕು. ಹಜಾರದ ಉದ್ದ 80 ಮೀಟರಿನ ಆಸುಪಾಸು, ನಡುವೆ ಒಂದೂ ಕಂಬವಿಲ್ಲ. ಗೋಡೆಗಳಿಗೆ ಜೊತ್ತೊ ಎಂಬ ಚಿತ್ರಕಾರ ಬರೆದಿದ್ದ ಚಿತ್ರಗಳು 1420ರ ಬೆಂಕಿಯಲ್ಲಿ ಹೋದವು. ಈಗಿರುವವು ಆಮೇಲಿನವು. ಓದು ಬಾರದ ಕಕ್ಷಿದಾರನಿಗೆ ತನ್ನ ನ್ಯಾಯಪೀಠ ಯಾವುದೆಂದು ಗೊತ್ತಾಗಲಿ ಎಂದು ಒಂದೊಂದು ಪೀಠಕ್ಕೂ ಒಂದೊಂದು ಪ್ರಾಣಿಯ ಗುರುತು. ನಮ್ಮ ತಾಲ್ಲೂಕು ಕಚೇರಿಗಳಿಗೂ ಇದನ್ನು ತರಬಹುದಿತ್ತು.

ಅಲ್ಲಿಂದ ಉತ್ತರಕ್ಕೆ, ಗೆಲಿಲಿಯೊ 18 ವರ್ಷ ಪಾಠ ಹೇಳಿದ ವಿಶ್ವವಿದ್ಯಾಲಯದ ಹತ್ತಿರದಿಂದಲೇ ಹಾದು ಹೋದರೆ, ಕಾಲು ಗಂಟೆಯೊಳಗೆ ಒಂದು ಉದ್ಯಾನ ಸಿಗುತ್ತದೆ. ರೋಮನ್ನರ ಕಾಲದ ರಂಗಭೂಮಿಯ ಮುರುಕು ಗೋಡೆಗಳು ಅದನ್ನು ಮೊಟ್ಟೆಯಾಕಾರದಲ್ಲಿ ಸುತ್ತಿಕೊಂಡಿವೆ. ಅದರೊಳಗೆ ಇಟ್ಟಿಗೆಯ ಒಂದು ಸಾದಾ ಕಟ್ಟಡ. ಎದ್ದುಕಾಣುವ ಗೋಪುರವಿಲ್ಲ, ಕೆತ್ತನೆಯಿಲ್ಲ. ಹೊರಗಿನಿಂದ ನೋಡಿದರೆ ಉಗ್ರಾಣ ಅಂದುಕೊಂಡು ಮುಂದೆ ಹೋಗಿಬಿಡಬಹುದು.

ಇದೇ ಸ್ಕ್ರೊವೆನ್ಯಿ ಗುಡಿ. ಇದರ ಕಥೆ ಹಣದಿಂದಲೇ ಶುರುವಾಗುತ್ತದೆ. ಪದುವಾದ ರೆಜಿನಾಲ್ದೊ ಸ್ಕ್ರೊವೆನ್ಯಿ ಎಂಬವನು ಬಡ್ಡಿ ವ್ಯವಹಾರದಲ್ಲಿ ಎಷ್ಟು ಹೆಸರಾಗಿದ್ದನೆಂದರೆ, ಕವಿ ದಾಂತೆ ಅವನನ್ನು ತನ್ನ ಕಾವ್ಯದ ನರಕದಲ್ಲೇ ಕೂರಿಸಿಬಿಟ್ಟ. ಉರಿಯುವ ಮರಳಿನ ಮೇಲೆ ಬಡ್ಡಿಕೋರರು ಸಾಲಾಗಿ ಕೂತಿದ್ದಾರೆ, ಪ್ರತಿಯೊಬ್ಬನ ಕೊರಳಲ್ಲೂ ಚೀಲ. ದಾಂತೆ ಅವರ ಮುಖಗಳಿಂದ ಯಾರನ್ನೂ ಗುರುತಿಸುವುದಿಲ್ಲ, ಚೀಲದ ಮೇಲಿನ ಮನೆತನದ ಲಾಂಛನಗಳಿಂದ ಗುರುತಿಸುತ್ತಾನೆ. ಬಿಳಿ ಚೀಲದ ಮೇಲೆ ನೀಲಿ ಬಣ್ಣದ ಗಬ್ಬದ ಹಂದಿ ಇದ್ದವನೇ ಈ ಸ್ಕ್ರೊವೆನ್ಯಿ. ರೆಜಿನಾಲ್ದೊನ ಮಗ ಎನ್ರಿಕೊ 1300ರ ಫೆಬ್ರವರಿಯಲ್ಲಿ ಈ ಜಾಗ ಕೊಂಡು, ಅರಮನೆಯಂಥ ಮನೆ ಕಟ್ಟಿಸಿ, ಅದಕ್ಕೆ ತಾಗಿದಂತೆ ಗುಡಿ ಎಬ್ಬಿಸಿದ. ಫ್ಲಾರೆನ್ಸಿನ ಜೊತ್ತೊನನ್ನು ಕರೆಸಿ ಒಳಗೋಡೆಗಳನ್ನೆಲ್ಲ ಅವನ ಕೈಗೊಪ್ಪಿಸಿದ. 1305ರ ಮಾರ್ಚ್ 25ರಂದು ಗುಡಿಯ ಪ್ರತಿಷ್ಠೆಯಾಯಿತು. ಮನೆಯನ್ನು 1827ರಲ್ಲಿ ಕೆಡವಿಹಾಕಿದರು. ಗುಡಿಯನ್ನು 1880ರ ಸುಮಾರಿಗೆ ನಗರಸಭೆ ಕೊಂಡುಕೊಂಡು ಉಳಿಸಿತು.

ಮಗ ತಂದೆಯ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಕಟ್ಟಿಸಿದ ಗುಡಿ ಇದು ಎನ್ನುವುದು ಊರು ಒಪ್ಪಿದ ಕಥೆ. ಆಗ ಬಡ್ಡಿ ಸಣ್ಣ ಪಾಪವಲ್ಲ. 1274ರ ಲಿಯಾನ್ ಮಹಾಸಭೆಯ ಕಟ್ಟಳೆಯ ಪ್ರಕಾರ, ಬಹಿರಂಗವಾಗಿ ಬಡ್ಡಿ ನಡೆಸಿದವನಿಗೆ ಸತ್ತಾಗ ಕ್ರೈಸ್ತ ಮಣ್ಣು ಸಿಗಬೇಕಾದರೆ ಕಿತ್ತುಕೊಂಡದ್ದನ್ನು ಹಿಂದಿರುಗಿಸಿರಬೇಕು, ಇಲ್ಲವೆ ಹಿಂದಿರುಗಿಸುವ ಭರವಸೆಯನ್ನಾದರೂ ಕೊಟ್ಟಿರಬೇಕು. ಬರೀ ಕಣ್ಣೀರು ಸಾಲದು. ಈಚಿನ ಕೆಲವು ಇತಿಹಾಸಕಾರರು ಈ ಪ್ರಾಯಶ್ಚಿತ್ತದ ಕಥೆಯನ್ನು ಅಷ್ಟಾಗಿ ಒಪ್ಪುವುದಿಲ್ಲ. ಎನ್ರಿಕೊ ಮಾಡಿದ್ದು ಪ್ರತಿಷ್ಠೆಯ ವ್ಯವಹಾರ ಎಂಬುದು ಅವರ ವಾದ. ಪಕ್ಕದ ಎರೆಮಿತಾನಿ ಮಠದ ಸನ್ಯಾಸಿಗಳಿಗೂ ಆಗಲೇ ಹಾಗನ್ನಿಸಿತ್ತು. 1305ರ ಜನವರಿಯಲ್ಲಿ ಅವರು ಬಿಷಪ್ಪರಿಗೆ ದೂರು ಕೊಟ್ಟರು: ಮನೆಮಂದಿಯ ಪ್ರಾರ್ಥನೆಗೆಂದು ಅಪ್ಪಣೆ ಪಡೆದು ಊರಿಗೇ ಗುಡಿ ಕಟ್ಟುತ್ತಿದ್ದಾನೆ, ಗಂಟೆಗೋಪುರ ಬೇರೆ ಎಬ್ಬಿಸಿದ್ದಾನೆ, ಇದು ದೇವರ ಮಹಿಮೆಗಲ್ಲ, ಆಡಂಬರಕ್ಕೆ ಎಂದು. ದೇವಸ್ಥಾನಕ್ಕೆ ಟ್ಯೂಬ್‌ಲೈಟು ಕೊಟ್ಟವರು ಬೆಳಕೇ ಬೀಳದಷ್ಟು ದೊಡ್ಡದಾಗಿ ಅದರ ಮೇಲೆ ಹೆಸರು ಬರೆಸಿದ್ದನ್ನು ಕಂಡ ನಮಗೆ ಸನ್ಯಾಸಿಗಳ ಕಿರಿಕಿರಿ ಅರ್ಥವಾಗುತ್ತದೆ. ನನ್ನ ಮಟ್ಟಿಗೆ ಎರಡೂ ನಿಜ. ಭಯಕ್ಕೂ ಬಡಿವಾರಕ್ಕೂ ಒಂದೇ ಎದೆಯಲ್ಲಿ ಧಾರಾಳ ಜಾಗವಿರುತ್ತದೆ.

ಒಳಗೆ ಹೋಗುವುದು ಸುಲಭವಲ್ಲ. ಮುಂಗಡ ಟಿಕೆಟ್ಟಿನ ಮೇಲೆ ನಮೂದಾದ ಹೊತ್ತಿಗೆ ಹೋಗಿ, ಮೊದಲು ಗಾಜಿನ ಕೋಣೆಯೊಂದರಲ್ಲಿ 15 ನಿಮಿಷ ಕೂರಬೇಕು. ನಮ್ಮ ಮೈಯ ತೇವ, ಬಟ್ಟೆಯ ದೂಳು ಚಿತ್ರಗಳಿಗೆ ಹೊಡೆಯಬಾರದೆಂದು ಅಲ್ಲಿ ಗಾಳಿಯನ್ನು ಸೋಸಿ ಹದಕ್ಕೆ ತರುತ್ತಾರೆ. ಒಂದು ಸಲಕ್ಕೆ 25 ಮಂದಿ. ಆಮೇಲೆ ಬಾಗಿಲು ಸರಿಯುತ್ತದೆ. ಒಳಗಿನ ಸಮಯವೂ ಸಾಮಾನ್ಯವಾಗಿ 15 ನಿಮಿಷವೇ.

ನೀಲಿ. ಮೊದಲಿಗೆ ಕಣ್ಣಿಗೆ ಬೀಳುವುದು ಅಷ್ಟೇ. ಕಮಾನು ಚಾವಣಿಯಿಡೀ ಗಾಢ ನೀಲಿ, ಅದರ ತುಂಬ ಚಿನ್ನದ ಚುಕ್ಕೆಗಳು. ಗುಡಿ 21 ಮೀಟರಿನಷ್ಟು ಉದ್ದ, ಎಂಟೂವರೆಯಷ್ಟು ಅಗಲ. ಒಂದು ಮದುವೆ ಛತ್ರದ ಊಟದ ಹಾಲ್‌ನಷ್ಟೂ ಇಲ್ಲ. ಎರಡು ಉದ್ದ ಗೋಡೆಗಳ ಮೇಲೆ ಮೂರು ಸಾಲಿನಲ್ಲಿ ಕಥೆ ಸಾಗುತ್ತದೆ. ಮೇಲೆ ಮರಿಯಮ್ಮನ ತಂದೆತಾಯಿ ಜೊವಾಕಿಮ–ಅನ್ನಮ್ಮನವರದು ಮತ್ತು ಮರಿಯಮ್ಮನದು, ಅದರ ಕೆಳಗೆ ಯೇಸುವಿನ ಜನನ ಮತ್ತು ಪವಾಡಗಳು, ಕೆಳಗಿನ ಸಾಲಿನಲ್ಲಿ ಯಾತನೆ, ಮರಣ, ಪುನರುತ್ಥಾನ. ಪೂರ್ವದ ಜ್ಞಾನಿಗಳು ಶಿಶು ಯೇಸುವಿಗೆ ನಮಿಸುವ ಚಿತ್ರದಲ್ಲಿ ನಕ್ಷತ್ರದ ಬದಲು ಬಾಲವಿರುವ ಧೂಮಕೇತುವಿದೆ. 1301ರಲ್ಲಿ ಕಾಣಿಸಿಕೊಂಡ ಹ್ಯಾಲಿ ಧೂಮಕೇತುವನ್ನು ನೋಡಿಯೇ ಬರೆದಿರಬೇಕೆಂದು ಹಲವರ ಊಹೆ. ಅದಕ್ಕೇ 1986ರಲ್ಲಿ ಹ್ಯಾಲಿಯ ಹತ್ತಿರ ಹಾದುಹೋದ ಯುರೋಪಿನ ನೌಕೆಗೆ ಜೊತ್ತೊ ಎಂದು ಹೆಸರಿಟ್ಟರು.

15 ನಿಮಿಷದಲ್ಲಿ ಎಲ್ಲವನ್ನೂ ನೋಡಲು ಹೊರಟರೆ ಏನೂ ದಕ್ಕುವುದಿಲ್ಲ. ಹಣದ ಚೀಲದ ಬೆನ್ನು ಹತ್ತಿದೆ.

ದೇವಾಲಯದ ಅಂಗಳದಿಂದ ವ್ಯಾಪಾರಿಗಳನ್ನು ಯೇಸು ಓಡಿಸುವ ಚಿತ್ರ ಪೂಜಾಪೀಠದ ಹತ್ತಿರದ ಗೋಡೆಯಲ್ಲಿದೆ. ಎತ್ತಿದ ಮುಷ್ಟಿ, ಉರುಳಿದ ಮೇಜು, ಹೆದರಿ ಶಿಷ್ಯರ ಮೇಲಂಗಿಯ ಮರೆಗೆ ಸೇರುವ ಮಕ್ಕಳು. ಕರುಣಾಮೂರ್ತಿ ಎಂದೊಡನೆ ನಾವು ಕಲ್ಪಿಸಿಕೊಳ್ಳುವ ಸೌಮ್ಯ ಮುಖ ಇದಲ್ಲ. ಅದನ್ನು ದಾಟಿದರೆ ಪೂಜಾಪೀಠದ ಕಮಾನು. ಅದರ ಒಂದು ಮಗ್ಗುಲಲ್ಲಿ, ಹಣಕ್ಕಾಗಿ ಯೇಸುವನ್ನು ಹಿಡಿದುಕೊಡಲು ಒಪ್ಪಿದ ಶಿಷ್ಯ ಯೂದ ನಿಂತಿದ್ದಾನೆ. ಕೈಯಲ್ಲಿ ಆಗತಾನೇ ಪಡೆದ ಚೀಲ, ಬೆನ್ನಿಗೆ ಅಂಟಿಕೊಂಡು ಕಪ್ಪು ಪಿಶಾಚಿ. ಬಡ್ಡಿಯಿಂದ ಬೆಳೆದ ಮನೆಯವರು ಪೂಜೆಗೆ ಕೂತಾಗ ಕಣ್ಣೆತ್ತಿದರೆ ಕಾಣುವ ಜಾಗದಲ್ಲೇ ಈ ಚೀಲ.

ಕಿಟಕಿಗಳಿರುವ ಗೋಡೆಯ ಕೆಳಸಾಲಿನಲ್ಲಿ ಅದರ ಮುಂದಿನ ಕಥೆ. ಮುತ್ತಿಟ್ಟು ಹಿಡಿದುಕೊಡುವ ಯೂದನ ಹಳದಿ ಮೇಲಂಗಿ ಯೇಸುವನ್ನು ಪೂರ್ತಿ ನುಂಗಿಹಾಕಿದೆ. ಸುತ್ತ ದೊಣ್ಣೆ, ಭರ್ಜಿ, ಪಂಜುಗಳ ಕಾಡು. ನಡುವೆ ಎರಡು ಮುಖಗಳು ಮಾತ್ರ ಅಲ್ಲಾಡದೆ ಒಂದನ್ನೊಂದು ನೋಡುತ್ತಿವೆ. ಈ ಚಿತ್ರದ ಮುಂದೆ ಕೊಂಚ ಹೊತ್ತು ನಿಂತೆ. ಯೇಸುವಿನ ನೋಟದಲ್ಲಿ ಕೋಪವಿಲ್ಲ, ಕ್ಷಮಿಸಿದ್ದೇನೆ ಎಂಬ ಮೆದುತನವೂ ಇಲ್ಲ. ನೀನು ಯಾರೆಂದು ನನಗೆ ಗೊತ್ತು ಎಂಬಂತಿದೆ. ಪಕ್ಕದ ಚಿತ್ರದಲ್ಲಿ ಕೈ ಕಟ್ಟಿಸಿಕೊಂಡ ಅವನು ಮಹಾಯಾಜಕ ಕಾಯಫನ ಎದುರು ಆರೋಪಿ. ಅದರ ಮುಂದಿನದರಲ್ಲಿ ಮುಳ್ಳಿನ ಕಿರೀಟ ತೊಡಿಸಿ, ಗಡ್ಡ ಕೂದಲು ಎಳೆದು ಅಣಕಿಸುತ್ತಿದ್ದಾರೆ. ಅಲ್ಲಿಗೆ ಆ ಗೋಡೆ ಮುಗಿಯುತ್ತದೆ. ಬಲಕ್ಕೆ ತಿರುಗಿದರೆ ಪಶ್ಚಿಮದ ಗೋಡೆ. ನೆಲದಿಂದ ಚಾವಣಿವರೆಗೆ ಒಂದೇ ಚಿತ್ರ, ಕಡೆಯ ತೀರ್ಪು. ಅದರ ನಟ್ಟನಡುವೆ ಕಾಮನಬಿಲ್ಲಿನ ಬಣ್ಣದ ಪ್ರಭಾವಳಿಯಲ್ಲಿ ನ್ಯಾಯಾಧೀಶನಾಗಿ ಕೂತಿರುವವನು, ಈಗಷ್ಟೇ ಪಕ್ಕದ ಗೋಡೆಯಲ್ಲಿ ಏಟು ತಿನ್ನುತ್ತಿದ್ದ ಅದೇ ಮನುಷ್ಯ.

ಈ ಗುಡಿ ಹೇಳುವುದರ ತಿರುಳು ಆ ಮೂಲೆಯಲ್ಲೇ ಇದೆ ಅನ್ನಿಸುತ್ತದೆ. ಸತ್ತವರ ಪಾಪಪುಣ್ಯದ ಲೆಕ್ಕ ಕೇಳುವ ದೈವ ಬಹಳ ಧರ್ಮಗಳಲ್ಲಿದೆ. ಸುಳ್ಳು ಸಾಕ್ಷಿಗೆ ಸಿಕ್ಕಿ, ತಪ್ಪು ತೀರ್ಪಿಗೆ ಒಳಗಾಗಿ, ಮರಣದಂಡನೆ ಉಂಡವನೇ ಲೋಕದ ಕಡೆಯ ನ್ಯಾಯಾಧೀಶ ಎಂಬುದು ಕ್ರೈಸ್ತ ನಂಬಿಕೆಯ ವಿಶೇಷ. ಅವನ ಅಂಗೈಯಲ್ಲೂ ಪಾದದಲ್ಲೂ ಮೊಳೆಯ ಗಾಯಗಳು ಹಾಗೇ ಇವೆ. ಕಟಕಟೆಯಲ್ಲಿ ನಿಂತು ಬಂದವನು ಪೀಠದಲ್ಲಿ ಕೂತಿದ್ದಾನೆ. ಕರುಣೆ ಅವನು ಮೇಲಿನಿಂದ ಎಸೆಯುವ ಭಿಕ್ಷೆಯಲ್ಲ, ಅನುಭವಿಸಿ ತಿಳಿದದ್ದು. ತೀರ್ಪಿನ ಬಿಗಿಯೂ ಅಲ್ಲಿಂದಲೇ. ಏಟು ತಿಂದವನೆದುರು ಏಟು ಕೊಟ್ಟವನು ಸುಳ್ಳು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಂತೆ ಜನಾಂಗಗಳನ್ನು ಬೇರ್ಪಡಿಸುವ ಪ್ರಸಂಗ ಬರುತ್ತದಲ್ಲ, ಅಲ್ಲಿ ನ್ಯಾಯಾಧೀಶ ಯಾರ ಸಿದ್ಧಾಂತವನ್ನೂ ವಿಚಾರಿಸುವುದಿಲ್ಲ. ಹಸಿದವನು, ಬಾಯಾರಿದವನು, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಾಳು: ಇವರನ್ನು ಹೇಗೆ ನಡೆಸಿಕೊಂಡಿರಿ ಎಂಬುದಷ್ಟೇ ಪ್ರಶ್ನೆ. ಅವರ ರೂಪದಲ್ಲಿ ಬಂದವನು ತಾನೇ ಎಂದು ಆಮೇಲೆ ಹೇಳುತ್ತಾನೆ. ಸಾಲಕ್ಕಾಗಿ ಸೆರೆ ಸೇರಿದವರ ಪರ ಅಂತೋನಿ ನಗರಸಭೆಯನ್ನು ಒತ್ತಾಯಿಸಿದ್ದರ ಹಿಂದೆ ಇಂಥ ಮಾತುಗಳ ಒತ್ತಡ ಇದ್ದೇ ಇತ್ತು.

ಚಿತ್ರವನ್ನು ಮೇಲಿನಿಂದ ನೋಡುತ್ತ ಬರಬೇಕು. ತುತ್ತತುದಿಯಲ್ಲಿ ಇಬ್ಬರು ದೇವದೂತರು ಆಕಾಶವನ್ನೇ ಚಾಪೆಯಂತೆ ಸುತ್ತಿಡುತ್ತಿದ್ದಾರೆ. ಕಾಲ ಮುಗಿಯಿತು. ಕ್ರಿಸ್ತನ ಎರಡೂ ಕಡೆ ಆರಾರು ಮಂದಿ ಪ್ರೇಷಿತರು ಕೂತಿದ್ದಾರೆ. ಅವನ ಬಲಗೈ ಅಂಗೈ ತೆರೆದು ಧನ್ಯರನ್ನು ಕರೆಯುತ್ತಿದೆ. ಎಡಗೈ ಬೇಡವೆನ್ನುವಂತೆ ತಿರುಗಿದೆ. ಮುಖ ಬಲಕ್ಕೆ ವಾಲಿದೆ, ಕರೆದವರ ಕಡೆಗೆ. ನರಕದವರನ್ನು ಅವನು ನೋಡುತ್ತಲೂ ಇಲ್ಲ. ಪ್ರಭಾವಳಿಯ ಬುಡದಿಂದ ಹೊರಟ ಬೆಂಕಿಯ ಹೊಳೆ ಮಾತ್ರ ಕವಲಾಗಿ ಆ ಮೂಲೆಗೆ ಹರಿಯುತ್ತದೆ.

ಯುರೋಪಿನ ಬೇರೆ ಎಷ್ಟೋ ಕಡೆ, ಉದಾಹರಣೆಗೆ ಫ್ರಾನ್ಸಿನ ಓತಾಂ ಚರ್ಚಿನ ಬಾಗಿಲ ಮೇಲೆ, ಕಡೆಯ ತೀರ್ಪಿನಲ್ಲಿ ತಕ್ಕಡಿ ಇರುತ್ತದೆ. ಆತ್ಮಗಳನ್ನು ತೂಗುತ್ತಿರುವಾಗ ಪಿಶಾಚಿ ತನ್ನ ಕಡೆಯ ತಟ್ಟೆಯನ್ನು ಕೆಳಗೆ ಜಗ್ಗುತ್ತಿರುತ್ತದೆ. ಜೊತ್ತೊನ ತೀರ್ಪಿನಲ್ಲಿ ತಕ್ಕಡಿ ಇಲ್ಲ. ಇರಬೇಕಾದ ಜಾಗದಲ್ಲಿ, ಕ್ರಿಸ್ತನ ಪಾದದ ಕೆಳಗೆ, ಇಬ್ಬರು ದೇವದೂತರು ಹಿಡಿದ ಶಿಲುಬೆಯಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ಶಿಲುಬೆಯ ಹಿಂದೆ ಅಡಗಿದ ಒಂದು ಪುಟ್ಟ ಆಕೃತಿ ಸಿಗುತ್ತದೆ. ಯಾವುದೋ ಒಂದು ಆತ್ಮ, ಈ ಕಡೆಗೂ ಸೇರದೆ ಆ ಕಡೆಗೂ ಸೇರದೆ ಮರಕ್ಕೆ ಆತುಕೊಂಡಿದೆ. ಪಂಡಿತರು ಏನೇನೋ ಅರ್ಥ ಹೇಳುತ್ತಾರೆ. ನನಗಂತೂ ಇಡೀ ಗುಡಿಯಲ್ಲಿ ಹತ್ತಿರದವನು ಅನ್ನಿಸಿದ್ದು ಅವನೊಬ್ಬನೇ.

ಶಿಲುಬೆಯ ಬುಡದಲ್ಲಿ, ಧನ್ಯರ ಪಕ್ಕದಲ್ಲಿ, ನೇರಳೆ ಬಣ್ಣದ ಉಡುಪು ತೊಟ್ಟು ಮೊಣಕಾಲೂರಿದವನೇ ಎನ್ರಿಕೊ. ಗುಡಿಯ ಮಾದರಿಯನ್ನು ಮರಿಯಮ್ಮನಿಗೆ ಒಪ್ಪಿಸುತ್ತಿದ್ದಾನೆ. ಭಾರವನ್ನು ಹೊತ್ತಿರುವವನು ಮಾತ್ರ ಪಕ್ಕದ ಪಾದ್ರಿ. ದಾನಿಯ ಕೈ ಬರೀ ಮುಟ್ಟಿದೆ, ಹೆಗಲು ಕೊಟ್ಟವನು ಬೇರೆ. ಜೊತ್ತೊ ಬೇಕೆಂದೇ ಹೀಗೆ ಬರೆದನೋ ಗೊತ್ತಿಲ್ಲ, ನೋಡಿದವರಿಗೆ ನಗು ಬರುತ್ತದೆ. ಎನ್ರಿಕೊನ ಗಾತ್ರ ಸಂತರಷ್ಟೇ ದೊಡ್ಡದು. ಹಣ ಕೊಟ್ಟವನು ಬದುಕಿರುವಾಗಲೇ ಸ್ವರ್ಗದ ಸಾಲಿನಲ್ಲಿ ಜಾಗ ಹಿಡಿದಿದ್ದಾನೆ.

ಆದರೆ ಅದೇ ಗೋಡೆಯ ಇನ್ನೊಂದು ಬದಿಯಲ್ಲಿ, ಅವನಿಂದ ಕೆಲವೇ ಮಾರು ದೂರದಲ್ಲಿ, ಬಡ್ಡಿಕೋರರು ತಮ್ಮ ಹಣದ ಚೀಲದ ದಾರಕ್ಕೇ ನೇತುಬಿದ್ದಿದ್ದಾರೆ. ಪಕ್ಕದಲ್ಲಿ ಹೊಟ್ಟೆ ಸೀಳಿದ ಯೂದ ನೇಣಿನಲ್ಲಿದ್ದಾನೆ. ಇನ್ನೂ ಒಂದು ತಮಾಷೆಯಿದೆ. ಬೆಂಕಿಯ ನಡುವೆಯೂ ಬಿಷಪ್ಪನ ಟೋಪಿ ಧರಿಸಿದ ಬೆತ್ತಲೆ ಮನುಷ್ಯನೊಬ್ಬ ಆಶೀರ್ವಾದಕ್ಕೆ ಕೈ ಎತ್ತಿದ್ದಾನೆ, ತಲೆ ಬೋಳಿಸಿದ ಇನ್ನೊಬ್ಬ ಅವನಿಗೆ ಚೀಲ ನೀಡುತ್ತಿದ್ದಾನೆ. ಪದವಿ ಮಾರಾಟ ನರಕದಲ್ಲೂ ನಿಂತಿಲ್ಲ! ಬಡ್ಡಿಯವರ ಹಣ ಪಡೆದು ಬಡ್ಡಿಯವರ ಗುಡಿಯಲ್ಲೇ ಇದನ್ನು ಬರೆಯಲು ಎದೆಗಾರಿಕೆ ಬೇಕು. ಬರೆಯಗೊಟ್ಟ ಎನ್ರಿಕೊನಿಗೂ ಬೇಕು ಎಂದು ಒಪ್ಪಲೇಬೇಕು.

ಹೀಗಿದ್ದೂ ಈ ನರಕ ಇಂದು ಯಾರನ್ನೂ ಹೆದರಿಸುವುದಿಲ್ಲ. ನೀಲಿ ಸೈತಾನ ಕೂತು ಮನುಷ್ಯರನ್ನು ಅಗಿಯುತ್ತಿರುವುದನ್ನು ಶಾಲಾಮಕ್ಕಳು ಬೆರಳು ಮಾಡಿ ತೋರಿಸಿ ನಗುತ್ತಿದ್ದರು. ನನ್ನನ್ನು ಕಲಕಿದ್ದು ಕೆಳಗೆ, ಕಣ್ಣಿನ ಮಟ್ಟದಲ್ಲಿ, ಬಣ್ಣವಿಲ್ಲದೆ ಅಮೃತಶಿಲೆಯ ವಿಗ್ರಹಗಳ ಹಾಗೆ ಬೂದು ಛಾಯೆಯಲ್ಲಿ ಬರೆದ 14 ಚಿತ್ರಗಳು. ಒಂದು ಗೋಡೆಯಲ್ಲಿ ಏಳು ಸದ್ಗುಣ, ಎದುರು ಗೋಡೆಯಲ್ಲಿ ಏಳು ದುರ್ಗುಣ. ನಟ್ಟನಡುವೆ ನ್ಯಾಯ ಮತ್ತು ಅನ್ಯಾಯ ಮುಖಾಮುಖಿ. ತಕ್ಕಡಿ ಇರುವುದು ಇಲ್ಲಿ, ಕಿರೀಟ ತೊಟ್ಟ ನ್ಯಾಯದೇವಿಯ ಬಳಿ. ಅವಳ ಪಾದದ ಕೆಳಗಿನ ಪಟ್ಟಿಯಲ್ಲಿ ಜನ ಕುಣಿಯುತ್ತಿದ್ದಾರೆ, ನಿಶ್ಚಿಂತೆಯಿಂದ ಪ್ರಯಾಣ ಹೋಗುತ್ತಿದ್ದಾರೆ. ಎದುರಿನ ಅನ್ಯಾಯ ಒಬ್ಬ ದರ್ಬಾರಿ ಗಂಡಸು. ಬೆರಳಲ್ಲಿ ಉಗುರಲ್ಲ, ಪಂಜ. ಕೋಟೆಬಾಗಿಲಲ್ಲಿ ಮುಖ ತಿರುಗಿಸಿ ಕೂತಿದ್ದಾನೆ, ಮುಂದೆ ಕಾಡು ಬೆಳೆದಿದೆ. ಕೆಳಗಿನ ಪಟ್ಟಿಯಲ್ಲಿ ದಾರಿಹೋಕನ ಕೊಲೆ, ಹೆಣ್ಣೊಬ್ಬಳ ಬಟ್ಟೆ ಸೆಳೆಯುವ ಪುಂಡರು. ಅವನು ಸ್ವತಃ ಏನೂ ಮಾಡುತ್ತಿಲ್ಲ. ನೋಡುತ್ತಲೂ ಇಲ್ಲ. ನರಕ ಎಂದರೆ ಇದು ಎಂದು ನನಗನ್ನಿಸಿದ್ದು ಇಲ್ಲಿ.

ಇನ್ನೆರಡು ಹೆಜ್ಜೆ ಪಶ್ಚಿಮಕ್ಕೆ ನಡೆದರೆ ಪರಪ್ರೀತಿ ಮತ್ತು ಮತ್ಸರ. ಗುಡಿಯ ಹೆಸರೇ ಪರಪ್ರೀತಿಯ ಮರಿಯಮ್ಮನದು, ಆದ್ದರಿಂದ ಈ ಜೋಡಿಗೆ ತೂಕ ಹೆಚ್ಚು. ಪರಪ್ರೀತಿ ಹೂವು ಮುಡಿದ ಹೆಂಗಸು. ಒಂದು ಕೈಯಲ್ಲಿ ಹಣ್ಣು ಹೂವು ತುಂಬಿದ ಬಟ್ಟಲು. ಇನ್ನೊಂದು ಕೈಯಿಂದ ತನ್ನ ಹೃದಯವನ್ನೇ ಕಿತ್ತು, ಮೂಲೆಯಿಂದ ಬಾಗಿದ ದೇವರಿಗೆ ನೀಡುತ್ತಿದ್ದಾಳೆ. ಕಾಲಡಿಯಲ್ಲಿ ಹಣದ ಚೀಲಗಳು, ಮೆಟ್ಟಿ ನಿಂತಿದ್ದಾಳೆ. ಎದುರಿನ ಮತ್ಸರ ಉರಿಯಲ್ಲಿ ನಿಂತ ಮುದುಕಿ. ತಲೆಯಲ್ಲಿ ಕೊಂಬು, ಆಲಿಸಿ ಆಲಿಸಿ ದೊಡ್ಡದಾದ ಕಿವಿ. ಬಾಯಿಂದ ಹೊರಟ ಹಾವು ತಿರುಗಿ ಅವಳ ಕಣ್ಣಿಗೇ ಹೆಡೆ ಚಾಚಿದೆ. ಒಂದು ಕೈ ಇನ್ನೊಬ್ಬರದ್ದಕ್ಕೆ ಚಾಚಿದೆ, ಇನ್ನೊಂದು ಕೈ ಚೀಲವನ್ನು ಬಿಗಿಯಾಗಿ ಹಿಡಿದಿದೆ. ಅವಳನ್ನು ಯಾರೂ ದಂಡಿಸುತ್ತಿಲ್ಲ. ಹಾವು ಅವಳದೇ ನಾಲಿಗೆ.

ಜೊತ್ತೊ ಬಾಲಕನಾಗಿದ್ದಾಗ, 1274ರಲ್ಲಿ, ತೀರಿಕೊಂಡ ಥಾಮಸ್ ಅಕ್ವಿನಾಸ್ ಈ ಕರುಣೆ–ನ್ಯಾಯದ ತೊಡಕನ್ನು ಹಣದ ಲೆಕ್ಕದಲ್ಲೇ ಬಿಡಿಸಿದ್ದರು. ನೂರು ಕೊಡಬೇಕಾದವನು ತನ್ನ ಸ್ವಂತದ್ದರಿಂದ ಇನ್ನೂರು ಕೊಟ್ಟರೆ ನ್ಯಾಯ ಮುರಿಯಿತೇ? ಇಲ್ಲ, ತುಂಬಿ ಹರಿಯಿತು. ದೇವರ ಕರುಣೆಯೂ ಹಾಗೆ, ಅದು ನ್ಯಾಯವನ್ನು ರದ್ದುಮಾಡುವುದಿಲ್ಲ ಎಂಬುದು ಅವರ ವಾದ. ಮನುಷ್ಯನ ಪಾಲಿನ ಕೆಲಸ ಏನೆಂಬುದಕ್ಕೆ ಲೂಕನ ಸುವಾರ್ತೆಯ ಜಕ್ಕಾಯನಿದ್ದಾನೆ. ಸುಂಕ ವಸೂಲಿಯವನ ಮನೆಗೆ ಯೇಸು ತಾನಾಗಿ ಹೋದ, ಮೊದಲು ಲೆಕ್ಕ ಚುಕ್ತಾ ಮಾಡು ಎನ್ನಲಿಲ್ಲ. ಜಕ್ಕಾಯನೇ ಎದ್ದು ನಿಂತು, ಮೋಸದಿಂದ ಪಡೆದದ್ದರ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಕರುಣೆ ಮೊದಲು ಬಂತು, ವಾಪಸಾತಿ ಹಿಂದೆಯೇ ಬಂತು. ಎನ್ರಿಕೊ ಸುಲಿಗೆಯಾದವರಿಗೆ ಎಷ್ಟು ಹಿಂದಿರುಗಿಸಿದ ಎಂಬುದನ್ನು ಈ ಗೋಡೆಗಳು ಹೇಳುವುದಿಲ್ಲ. ಅವು ಹೇಳುವುದು ಅವನು ದೇವರಿಗೆ ಕೊಟ್ಟದ್ದನ್ನು ಮಾತ್ರ. ಗುಡಿಯ ಬಗ್ಗೆ ನನ್ನ ತಕರಾರು ಇದೊಂದೇ. ಮುಂದೆ ರಾಜಕೀಯ ತಿರುಗಿ ಅವನು ಊರು ಬಿಡಬೇಕಾಯಿತು, 1336ರಲ್ಲಿ ವೆನಿಸ್ಸಿನಲ್ಲಿ ಸತ್ತ. ಸಮಾಧಿ ಮಾತ್ರ ಇಲ್ಲೇ, ಪೂಜಾಪೀಠದ ಹಿಂದೆ.

ಗಂಟೆ ಹೊಡೆಯಿತು, ಹೊರಗೆ ಕಳಿಸಿದರು. ಉದ್ಯಾನದ ಆಚೆಗೆ ದೂರು ಕೊಟ್ಟ ಸನ್ಯಾಸಿಗಳ ಎರೆಮಿತಾನಿ ಚರ್ಚು. 1944ರ ಮಾರ್ಚ್ 11ರ ಬಾಂಬ್ ದಾಳಿಯಲ್ಲಿ ಅದರ ಒಂದು ಭಾಗ ಕುಸಿದು, ಮಾಂತೆಞ್ಞ ಎಂಬ ಮಹಾ ಚಿತ್ರಕಾರ ಬರೆದ ಗೋಡೆಗಳು ನುಚ್ಚುನೂರಾದವು. ಚೂರುಗಳನ್ನು ಜೋಡಿಸಿ ಇಟ್ಟಿದ್ದಾರೆ, ಚಿತ್ರಕ್ಕಿಂತ ಖಾಲಿಯೇ ಹೆಚ್ಚು. ಕೂಗಳತೆ ದೂರದ ಸ್ಕ್ರೊವೆನ್ಯಿ ಗುಡಿ ಉಳಿಯಿತು. ದೇವರು ಕಾಪಾಡಿದ ಎನ್ನುವವರಿದ್ದಾರೆ. ಹಾಗಾದರೆ ಮಾಂತೆಞ್ಞನ ಗೋಡೆ ಮಾಡಿದ ಪಾಪವೇನು ಎಂದು ಕೇಳಬೇಕಾಗುತ್ತದೆ. ಬಾಂಬಿನಲ್ಲಿ ತೀರ್ಪು ಹುಡುಕುವ ಚಟ ಬಿಡುವುದು ಒಳ್ಳೆಯದು.

ದಕ್ಷಿಣಕ್ಕೆ ಅರ್ಧ ಗಂಟೆ ನಡೆದರೆ ಅಂತೋನಿಯ ಬೆಸಿಲಿಕ. ಇಲ್ಲಿ ಸಮಯದ ಮಿತಿಯಿಲ್ಲ, ಟಿಕೆಟ್ಟೂ ಇಲ್ಲ. ಸಮಾಧಿಯ ಹಿಂಬದಿಗೆ ಹೋಗಿ ಹಸಿರು ಕಲ್ಲಿನ ಮೇಲೆ ಅಂಗೈ ಒತ್ತಿ ನಿಲ್ಲುವವರ ಸಾಲು. ಮಕ್ಕಳ ಫೋಟೊ, ಆಸ್ಪತ್ರೆಯ ಚೀಟಿ, ಕಾಗದಗಳು. ಸಾಲಿನಲ್ಲಿ ನನ್ನ ಮುಂದಿದ್ದ ಸೀರೆಯ ಅಮ್ಮ ಫೋನಿನಲ್ಲಿ ಮೈಸೂರು ಕನ್ನಡ ಮಾತಾಡುತ್ತಿದ್ದರು. ಮಗಳ ಮನೆಗೆ ಬಂದವರಂತೆ. “ಡೋರ್ನಹಳ್ಳಿಗೆ ಮಂಗಳವಾರ ಮಂಗಳವಾರ ಹೋಗ್ತಿದ್ದೆ ಕಣಪ್ಪ. ಅಲ್ಲಿ ಕೇಳ್ಕೊಂಡಿದ್ದಕ್ಕೆ ಇಲ್ಲಿ ಥ್ಯಾಂಕ್ಸ್ ಹೇಳೋಣ ಅಂತ ಬಂದೆ” ಎಂದರು. ಏನು ಕೇಳಿಕೊಂಡಿರಿ ಅಮ್ಮ ಎಂದು ಕೇಳಲಿಲ್ಲ. ಕೇಳುವ ಮಾತಲ್ಲ.

ಸಮಾಧಿಯ ಸುತ್ತಲಿನ ಗೋಡೆಯಲ್ಲಿ ಅಂತೋನಿಯ ಪವಾಡಗಳ ಅಮೃತಶಿಲೆಯ ಫಲಕಗಳಿವೆ. ಅವುಗಳಲ್ಲಿ ತುಲ್ಲಿಯೊ ಲೊಂಬಾರ್ದೊ 1525ರಲ್ಲಿ ಕೆತ್ತಿದ ಒಂದನ್ನು ತಪ್ಪಿಸಬೇಡಿ. ಜಿಪುಣ ಬಡ್ಡಿಕೋರನೊಬ್ಬ ಸತ್ತಿದ್ದಾನೆ. ಅವನ ಹೃದಯ ಎದೆಯಲ್ಲಿಲ್ಲ, ಹಣದ ಪೆಟ್ಟಿಗೆಯಲ್ಲಿದೆ ಎಂದು ಸಂತ ಹೇಳುತ್ತಾನೆ. ಎದೆ ಸೀಳಿ ನೋಡಿದರೆ ಖಾಲಿ. ಇದೇ ಕಥೆಯನ್ನು ದೊನತೆಲ್ಲೊ ಅದಕ್ಕೂ ಮುಂಚೆ ಪ್ರಧಾನ ಪೀಠಕ್ಕೆ ಕಂಚಿನಲ್ಲಿ ಮಾಡಿದ್ದಾನೆ, ಅದನ್ನು ಹತ್ತಿರದಿಂದ ನೋಡಗೊಡುವುದಿಲ್ಲ. ಜೊತ್ತೊನ ಪರಪ್ರೀತಿ ಚೀಲ ಮೆಟ್ಟಿ ಹೃದಯ ಕೊಟ್ಟಳು. ಇವನು ಹೃದಯವನ್ನು ಹಣದ ಜೊತೆಗೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಅವನಿಗೆ ಬೇರೆ ತೀರ್ಪು ಬೇಕಾಗಿರಲಿಲ್ಲ.

ಹೋಗುವವರಿಗೆ ಒಂದೆರಡು ಮಾತು. ವೆನಿಸ್ಸಿನಿಂದ ಪದುವಾಕ್ಕೆ ರೈಲಿನಲ್ಲಿ ಅರ್ಧ ಗಂಟೆ. ನಿಲ್ದಾಣದಿಂದ ಸ್ಕ್ರೊವೆನ್ಯಿ ಗುಡಿ ನಡೆಯುವ ದೂರ. ಟಿಕೆಟ್ಟನ್ನು ದಿನಗಳ ಮುಂಚೆಯೇ ಕಾದಿರಿಸಿ, ತಡವಾದರೆ ಒಳಗೆ ಬಿಡುವುದಿಲ್ಲ. ಸಣ್ಣ ಬೈನಾಕ್ಯುಲರ್ ಇದ್ದರೆ ಒಯ್ಯಿರಿ, ಶಿಲುಬೆಯ ಹಿಂದೆ ಅಡಗಿದವನನ್ನು ಹುಡುಕಲು ಬೇಕಾಗುತ್ತದೆ. ಅಷ್ಟು ದೂರ ಹೋಗಲಾಗದವರು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಬಹುದು. 1878ರಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಪಾದ್ರಿಗಳು ಪದುವಾ ಇರುವ ವೆನಿಸ್ ಪ್ರಾಂತದವರೇ. ಅವರ ಸಭೆಯ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಿಂದ ಎರಡು ವರ್ಷಕ್ಕೂ ಮೀರಿ ದುಡಿದು ಆ ಚಾಪೆಲ್ಲಿನ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಅಲ್ಲಿ 15 ನಿಮಿಷಕ್ಕೆ ಗಂಟೆ ಹೊಡೆದು ಹೊರಗೆ ಕಳಿಸುವವರಿಲ್ಲ.